ಕೇಳಿ, ಹೇಳುತ್ತೇವೆ: ಬಿಪಿಯಿಂದ ಕುಕ್ಕರ್‌ವರೆಗೆ ಒತ್ತಡದ ಲೆಕ್ಕ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು, ಬರೆದವರಿಗೇ ಗೊತ್ತಿಲ್ಲದ ಹಾಗೆ, ಒಂದೇ ವಿಷಯದ ಸುತ್ತ ಸುತ್ತುತ್ತಿವೆ: ಒತ್ತಡ. ಕಿವಿ, ಶ್ವಾಸಕೋಶ, ರಕ್ತನಾಳ, ಬಾವಿಯ ಪಂಪು, ಅಡುಗೆಮನೆಯ ಕುಕ್ಕರ್, ಎಲ್ಲ ಕಡೆಯೂ ಕೆಲಸ ನಡೆಯುವುದು ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ. "ಒತ್ತಡ ಇಷ್ಟು" ಎಂದು ಓದಿದಾಗಲೆಲ್ಲ "ಯಾವುದಕ್ಕಿಂತ ಇಷ್ಟು ಹೆಚ್ಚು?" ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಅದಕ್ಕೇ ಈ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ವಾತಾವರಣದ ಒತ್ತಡ 760 ಮಿ.ಮೀ. ಪಾದರಸ ಎಂದು ಭೌತಶಾಸ್ತ್ರದಲ್ಲಿ ಓದಿದ್ದೇವೆ. ರಕ್ತದೊತ್ತಡ 120 ಮಿ.ಮೀ. ಎಂದು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಹೊರಗೆ 760, ಒಳಗೆ 120 ಇದ್ದರೆ ರಕ್ತನಾಳಗಳು ಚಪ್ಪಟೆಯಾಗಬೇಕಲ್ಲವೇ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಶಿರಸಿ)

ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ಉತ್ತರ: 120 ಎಂಬುದು ವಾತಾವರಣದ ಒತ್ತಡಕ್ಕಿಂತ 120 ಮಿ.ಮೀ. ಹೆಚ್ಚು ಎಂದರ್ಥ. ಸಮುದ್ರ ಮಟ್ಟದಲ್ಲಿರುವ ವ್ಯಕ್ತಿಯ ತೋಳಿನ ಅಪಧಮನಿಯೊಳಗಿನ (ಹೃದಯದಿಂದ ರಕ್ತ ಒಯ್ಯುವ ನಾಳದೊಳಗಿನ) ನಿಜವಾದ ಒಟ್ಟು ಒತ್ತಡ 760 ಕೂಡಿಸು 120, ಅಂದರೆ 880 ಮಿ.ಮೀ. ನಾಳದ ಹೊರಗಿನ ಮಾಂಸ, ಚರ್ಮ ಎಲ್ಲದರ ಮೇಲೂ 760 ಇದ್ದೇ ಇದೆ. ಎರಡು ಬದಿಯಲ್ಲೂ ಇರುವುದನ್ನು ಕಳೆದು ಉಳಿದದ್ದನ್ನಷ್ಟೇ ಬಿಪಿ ಯಂತ್ರ ತೋರಿಸುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 680 ಮಿ.ಮೀ. ಮಾತ್ರ. ಹಾಗೆಂದು ಮಂಗಳೂರಿನಿಂದ ಬೆಂಗಳೂರಿಗೆ ಬಂದವರ ಬಿಪಿ 80 ಇಳಿಯುವುದಿಲ್ಲ. ಹೊರಗಿನದೂ ಒಳಗಿನದೂ ಒಟ್ಟಿಗೇ ಇಳಿದಿರುತ್ತವೆ.

ಇಲ್ಲಿ ಪಾದರಸ ಯಾಕೆ ಬಂತು? ಒತ್ತಡವು ಕೊಳವೆಯಲ್ಲಿ ದ್ರವವನ್ನು ಎಷ್ಟು ಎತ್ತರಕ್ಕೆ ಎತ್ತಿ ನಿಲ್ಲಿಸುತ್ತದೆ ಎಂಬುದೇ ಈ ಅಳತೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. 120 ಮಿ.ಮೀ. ಪಾದರಸವನ್ನು ನೀರಿನಲ್ಲಿ ಅಳೆಯಹೊರಟರೆ ಸುಮಾರು 163 ಸೆಂ.ಮೀ. ಎತ್ತರದ ಕೊಳವೆ ಬೇಕು, ಒಬ್ಬ ಮನುಷ್ಯನಷ್ಟು ಎತ್ತರ. 1733ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಪ್ರಕಟಿಸಿದ ಪ್ರಯೋಗದಲ್ಲಿ ಪಾದರಸವೇ ಇರಲಿಲ್ಲ. ಕುದುರೆಯ ಅಪಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತ ಅದರಲ್ಲಿ 8 ಅಡಿ 3 ಇಂಚು ಏರಿ ನಿಂತಿತು. ಪಾದರಸ ವಿಷವಾದ್ದರಿಂದ ಈಗ ಆಸ್ಪತ್ರೆಗಳು ಆ ಯಂತ್ರಗಳನ್ನು ಬಿಡುತ್ತಿವೆ. ಆದರೆ ಅಳತೆಯ ಮಾನ ಮಾತ್ರ ಹಾಗೇ ಉಳಿದಿದೆ.

ಪ್ರಶ್ನೆ: ಮನೆಯಲ್ಲಿ ಡಿಜಿಟಲ್ ಬಿಪಿ ಯಂತ್ರವಿದೆ. ತಾತನಿಗೆ ಒಮ್ಮೆ 138 ತೋರಿಸುತ್ತದೆ, ಐದು ನಿಮಿಷ ಬಿಟ್ಟರೆ 152. ಯಂತ್ರ ಕೆಟ್ಟಿದೆಯೇ?
(ಪ್ರಥಮ ಪಿಯುಸಿ ವಿದ್ಯಾರ್ಥಿ, ಹುಬ್ಬಳ್ಳಿ)

ಯಂತ್ರವನ್ನು ದೂರುವ ಮೊದಲು ತಾತನ ಕೈ ಎಲ್ಲಿತ್ತು ನೋಡಿ. ರಕ್ತವೂ ದ್ರವವೇ, ಹೃದಯದ ಮಟ್ಟದಿಂದ ಪ್ರತಿ 1 ಸೆಂ.ಮೀ. ಕೆಳಗಿಳಿದಂತೆ ಒತ್ತಡ ಸುಮಾರು 0.78 ಮಿ.ಮೀ. ಏರುತ್ತದೆ. ಪಟ್ಟಿ ಕಟ್ಟಿದ ಜಾಗ ಹೃದಯಕ್ಕಿಂತ 18 ಸೆಂ.ಮೀ. ಕೆಳಗಿದ್ದರೆ ಸಾಕು, ನೀವು ಕಂಡ 14 ಮಿ.ಮೀ. ವ್ಯತ್ಯಾಸ ಅಲ್ಲೇ ಸಿಕ್ಕಿತು. ಕೈಯನ್ನು ಮೇಜಿನ ಮೇಲೆ ಚಾಚಿ, ಪಟ್ಟಿಯ ನಡುಭಾಗ ಎದೆಮೂಳೆಯ ಮಧ್ಯಕ್ಕೆ ಸಮನಾಗಿರುವಂತೆ ಕೂರಿಸಿ. ಮೇಜು ತಗ್ಗಾಗಿದ್ದರೆ ಕೈ ಕೆಳಗೊಂದು ದಿಂಬು ಇಡಿ. ತಾತ ತಾವೇ ಕೈ ಎತ್ತಿ ಹಿಡಿಯುವುದು ಬೇಡ. ಸ್ನಾಯು ಬಿಗಿಯಾದರೂ ಅಂಕಿ ಏರುತ್ತದೆ.

ಎರಡನೆಯದು ಪಟ್ಟಿಯ ಅಳತೆ. ಒಳಗಿನ ರಬ್ಬರ್ ಚೀಲದ ಉದ್ದ ತೋಳಿನ ಸುತ್ತಳತೆಯ ಶೇ. 80ರಷ್ಟು, ಅಗಲ ಶೇ. 40ರಷ್ಟು ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ನಾಳವನ್ನು ಅಮುಕಲು ಹೆಚ್ಚು ಗಾಳಿ ಬೇಕಾಗುತ್ತದೆ, ಬಿಪಿ ಸುಳ್ಳೇ ಜಾಸ್ತಿ ಕಾಣುತ್ತದೆ. ಅಂಗಿಯ ತೋಳಿನ ಮೇಲೆ ಪಟ್ಟಿ ಕಟ್ಟಬಾರದು, ಅಂಗಿಯ ತೋಳನ್ನು ಬಿಗಿಯಾಗಿ ಮೇಲೆ ಮಡಚಿಯೂ ಕಟ್ಟಬಾರದು. ಮೊಣಕೈ ಮಡಿಕೆಯಿಂದ 2-3 ಸೆಂ.ಮೀ. ಮೇಲೆ, ಬರಿ ಚರ್ಮದ ಮೇಲೆ, ಒಂದೆರಡು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ.

ಮೂರನೆಯದು ಮಾತು. ನಿಮ್ಮ ಯಂತ್ರದಲ್ಲಿ ಸ್ಟೆತಾಸ್ಕೋಪ್ ಇಲ್ಲ. 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕಾಫ್ ವಿವರಿಸಿದ ವಿಧಾನದಲ್ಲಿ ಪಟ್ಟಿಯ ಗಾಳಿಯನ್ನು ಸೆಕೆಂಡಿಗೆ 2-3 ಮಿ.ಮೀ.ನಂತೆ ಬಿಡುತ್ತ ಹೋಗುತ್ತಾರೆ. ಇಕ್ಕಟ್ಟಾದ ನಾಳದಲ್ಲಿ ರಕ್ತ ನುಗ್ಗುವಾಗ ಏಳುವ ಮೊದಲ ಟಪ್ ಸದ್ದು ಮೇಲಿನ ಅಂಕಿ, ಸದ್ದು ಪೂರ್ತಿ ನಿಂತ ಬಿಂದು ಕೆಳಗಿನ ಅಂಕಿ. ಡಿಜಿಟಲ್ ಯಂತ್ರ ಸದ್ದು ಕೇಳುವುದಿಲ್ಲ. ಪ್ರತಿ ನಾಡಿಗೂ ಪಟ್ಟಿಯೊಳಗಿನ ಗಾಳಿ ಎಷ್ಟು ನಡುಗಿತು ಎಂಬುದನ್ನು ಅಳೆದು, ಅದರಿಂದ ಎರಡೂ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ನಡುವೆ ತಾತ ಮಾತಾಡಿದರೆ, ಬೆರಳು ಆಡಿಸಿದರೆ, ಆ ನಡುಕವೂ ಲೆಕ್ಕದೊಳಗೆ ಸೇರಿಬಿಡುತ್ತದೆ. ಮಾತಿನಿಂದ ಬಿಪಿ ನಿಜವಾಗಿಯೂ ಏರುತ್ತದೆ ಬೇರೆ.

ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂತಿರಲಿ. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ಬರೆದಿಡಿ. ಮಾತ್ರೆ ಬದಲಿಸುವುದು ವೈದ್ಯರ ಕೆಲಸ. ನೀವು ತಾರೀಕು, ಹೊತ್ತು, ಅಂಕಿ ಬರೆದ ಪುಸ್ತಕ ತೋರಿಸಿದರೆ ಅವರಿಗೂ ಅನುಕೂಲ.

ಪ್ರಶ್ನೆ: ಅಜ್ಜಿಗೆ ಡ್ರಿಪ್ ಹಾಕಿದ್ದಾಗ ಬಾಟಲಿ ಖಾಲಿಯಾಗುತ್ತ ಬಂತು. ಗಾಳಿ ರಕ್ತಕ್ಕೆ ಹೋದರೆ ಪ್ರಾಣಾಪಾಯ ಎಂದು ಎಲ್ಲರೂ ಗಾಬರಿಯಾದರು. ನಿಜವಾಗಿಯೂ ಹೋಗುತ್ತದೆಯೇ?
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಕೈಗೆ ಹಾಕಿದ, ಪಂಪ್ ಇಲ್ಲದ ಸಾಮಾನ್ಯ ಡ್ರಿಪ್‌ನಲ್ಲಿ ಗಾಳಿ ಹೋಗುವುದಿಲ್ಲ. ಕೈಯ ಅಭಿಧಮನಿಯ (ಹೃದಯಕ್ಕೆ ರಕ್ತ ಮರಳಿಸುವ ನಾಳದ) ಒತ್ತಡ ಸಾಧಾರಣವಾಗಿ 10 ಮಿ.ಮೀ. ಪಾದರಸದ ಆಸುಪಾಸು, ಅಂದರೆ ಸುಮಾರು 14 ಸೆಂ.ಮೀ. ನೀರು. ಕೈಯಿಂದ 1 ಮೀಟರ್ ಎತ್ತರದಲ್ಲಿ ತೂಗುವ ಬಾಟಲಿಯ ದ್ರವ 100 ಸೆಂ.ಮೀ. ಒತ್ತಡದಿಂದ ತಳ್ಳುತ್ತದೆ, ಹಾಗಾಗಿ ಇಳಿಯುತ್ತದೆ. ಬಾಟಲಿ ಖಾಲಿಯಾದ ಮೇಲೆ ದ್ರವ ಕೊಳವೆಯಲ್ಲಿ ಇಳಿಯುತ್ತ ಬಂದು ಕೈಗಿಂತ ಆ 14 ಸೆಂ.ಮೀ.ನಷ್ಟು ಮೇಲೆ ನಿಂತುಬಿಡುತ್ತದೆ. ಅಲ್ಲಿ ಎರಡು ಬದಿಯೂ ಸಮ. ಬಾಟಲಿಯನ್ನು ಕೈಗಿಂತ ಕೆಳಗೆ ಹಿಡಿದರೆ ರಕ್ತವೇ ಕೊಳವೆಯೊಳಗೆ ಹಿಮ್ಮುಖವಾಗಿ ಬರುವುದೂ ಇದೇ ಕಾರಣಕ್ಕೆ. ರೋಗಿಯನ್ನು ಶೌಚಾಲಯಕ್ಕೆ ಕರೆದೊಯ್ಯುವಾಗ ಜೊತೆಯವರು ಇದನ್ನು ಮರೆಯುತ್ತಾರೆ.

ನಿಂತ ದ್ರವ ಹಾಗೇ ಬಿಟ್ಟರೆ ಸೂಜಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಮತ್ತೆ ಚುಚ್ಚಬೇಕಾಗುತ್ತದೆ. ಸಿಸ್ಟರನ್ನು ಬೇಗ ಕರೆಯಬೇಕಾದದ್ದು ಇದಕ್ಕೆ. ಕುತ್ತಿಗೆ ಅಥವಾ ಎದೆಯ ದೊಡ್ಡ ಅಭಿಧಮನಿಗೆ ಹಾಕಿದ ಕೊಳವೆಯ ವಿಷಯ ಬೇರೆ. ಉಸಿರು ಒಳಗೆ ತೆಗೆದುಕೊಳ್ಳುವಾಗ ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಬಹುದು, ಆಗ ಗಾಳಿ ನುಗ್ಗುವ ಅಪಾಯ ನಿಜವೇ. ಅದನ್ನು ಮನೆಯವರು ಮುಟ್ಟಲೇಬಾರದು.

ಬಾಟಲಿಯಲ್ಲಿ ದ್ರವ ಇದ್ದೂ ಹನಿ ನಿಧಾನವಾಗುವುದನ್ನು ನೋಡಿರಬಹುದು. ಗಡಸು ಬಾಟಲಿಯಿಂದ ದ್ರವ ಇಳಿದಷ್ಟೂ ಮೇಲಿನ ಜಾಗದ ಒತ್ತಡ ತಗ್ಗುತ್ತದೆ. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಹನಿ ನಿಲ್ಲುತ್ತದೆ. ಸಿಸ್ಟರ್ ಮೇಲೊಂದು ಸೂಜಿ ಚುಚ್ಚುವುದು ಅದಕ್ಕಾಗಿ. ಮೆತ್ತನೆಯ ಚೀಲ ತಾನೇ ಕುಗ್ಗುತ್ತದೆ, ಅದಕ್ಕೆ ಸೂಜಿ ಬೇಡ. ಲೆಕ್ಕ ಇಷ್ಟಪಡುವವರಿಗೆ: 1 ಮಿ.ಲೀ.ಗೆ 20 ಹನಿಯ ಸೆಟ್‌ನಲ್ಲಿ 500 ಮಿ.ಲೀ. ದ್ರವ 4 ಗಂಟೆಯಲ್ಲಿ ಹೋಗಬೇಕಾದರೆ 500 x 20 / 240, ನಿಮಿಷಕ್ಕೆ ಸುಮಾರು 42 ಹನಿ.

ಪ್ರಶ್ನೆ: ಆಗುಂಬೆ ಘಾಟಿ ಹತ್ತುವಾಗಲೂ ಇಳಿಯುವಾಗಲೂ ಕಿವಿ ಕಟ್ಟುತ್ತದೆ. ಇಳಿಯುವಾಗ ನೋವು ಜಾಸ್ತಿ ಯಾಕೆ?
(ಒಂಬತ್ತನೇ ತರಗತಿ ವಿದ್ಯಾರ್ಥಿ, ತೀರ್ಥಹಳ್ಳಿ)

ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. 14 ಹೇರ್‌ಪಿನ್ ತಿರುವುಗಳನ್ನು ದಾಟಿ ಸೋಮೇಶ್ವರದ ಕಡೆ ಇಳಿಯುವಷ್ಟರಲ್ಲಿ 500 ಮೀಟರಿಗೂ ಹೆಚ್ಚು ಕೆಳಗೆ ಬಂದಿರುತ್ತೀರಿ. ಅಷ್ಟಕ್ಕೆ ಗಾಳಿಯ ಒತ್ತಡ 45 ಮಿ.ಮೀ. ಪಾದರಸದಷ್ಟು ಏರುತ್ತದೆ. ಕಿವಿತಮಟೆಯ ಹೊರಬದಿಗೆ ಈ ಏರಿಕೆ ತಕ್ಷಣ ತಟ್ಟುತ್ತದೆ. ಒಳಬದಿಯ ಮಧ್ಯಕಿವಿಯಲ್ಲಿರುವ ಗಾಳಿ ಮಾತ್ರ ಘಟ್ಟದ ಮೇಲಿನ ಹಳೆಯ ಗಾಳಿ. ಸುಮಾರು 0.1 ಮಿ.ಮೀ. ದಪ್ಪದ ತಮಟೆ ಒಳಕ್ಕೆ ಬಾಗುತ್ತದೆ, ಸದ್ದು ಮಂದವಾಗುತ್ತದೆ, ನೋಯುತ್ತದೆ.

ಮಧ್ಯಕಿವಿಗೂ ಗಂಟಲಿನ ಮೇಲ್ಭಾಗಕ್ಕೂ ನಡುವೆ ಸುಮಾರು 3.5 ಸೆಂ.ಮೀ. ಉದ್ದದ ಯುಸ್ಟೇಶಿಯನ್ ನಾಳವಿದೆ. ಸುಮ್ಮನಿರುವಾಗ ಅದರ ಗಂಟಲ ಬದಿಯ ಮೆತ್ತನೆಯ ಭಾಗ ಮುಚ್ಚಿರುತ್ತದೆ. ಹತ್ತುವಾಗ ಒಳಗಿನ ಗಾಳಿ ಹಿಗ್ಗಿ ಆ ಬಾಯನ್ನು ತಾನೇ ತಳ್ಳಿ ತೆರೆಯುತ್ತದೆ, ಪಟ್ಟನೆ ಬಿಡುಗಡೆ. ಇಳಿಯುವಾಗ ಹೊರಗಿನ ಒತ್ತಡ ಅದೇ ಬಾಯನ್ನು ಇನ್ನಷ್ಟು ಒತ್ತಿ ಮುಚ್ಚುತ್ತದೆ. ಆಗ ಅದನ್ನು ತೆರೆಯುವುದು ಸ್ನಾಯುಗಳಿಂದ ಮಾತ್ರ ಸಾಧ್ಯ, ಆ ಸ್ನಾಯುಗಳು ಕೆಲಸ ಮಾಡುವುದು ನುಂಗುವಾಗ ಮತ್ತು ಆಕಳಿಸುವಾಗ.

ಹಾಗಾಗಿ ನೋವು ಶುರುವಾದ ಮೇಲೆ ಅಲ್ಲ, ಮೊದಲ ತಿರುವಿನಿಂದಲೇ ಪೆಪ್ಪರ್‌ಮೆಂಟ್ ಚೀಪುತ್ತ ಆಗಾಗ ಉಗುಳು ನುಂಗಿ. ಒತ್ತಡ ಹೆಚ್ಚು ಬೆಳೆದಷ್ಟೂ ನಾಳ ತೆರೆಯುವುದು ಕಷ್ಟ. ಕಟ್ಟಿಯೇಬಿಟ್ಟರೆ ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಿ, ಜೋರಾಗಿ ಊದಬೇಡಿ. ನೆಗಡಿ ಇದ್ದಾಗ ಊದುವುದೇ ಬೇಡ, ಗಂಟಲ ಸೋಂಕು ಮಧ್ಯಕಿವಿಗೆ ಹೋಗಬಹುದು. ಹಸುಗೂಸಿಗೆ ಇಳಿಜಾರಿನಲ್ಲಿ ಹಾಲು ಕುಡಿಸುವುದೇ ಒಳ್ಳೆಯ ಉಪಾಯ, ನಿದ್ದೆ ಮಾಡಿಸುವುದಲ್ಲ. ನಿದ್ದೆಯಲ್ಲಿ ನುಂಗುವುದು ಕಡಿಮೆ.

ಪ್ರಶ್ನೆ: ವಿಜ್ಞಾನ ವಸ್ತುಪ್ರದರ್ಶನಕ್ಕೆ ಬಾಟಲಿ, ಬಲೂನುಗಳಿಂದ ಶ್ವಾಸಕೋಶದ ಮಾದರಿ ಮಾಡಿದೆವು. ಕೆಳಗಿನ ರಬ್ಬರ್ ಎಳೆದರೆ ಒಳಗಿನ ಬಲೂನು ಉಬ್ಬುವುದೇ ಇಲ್ಲ. ಎಲ್ಲಿ ತಪ್ಪಿದ್ದೇವೆ?
(ಎಂಟನೇ ತರಗತಿಯ ಮೂವರು ವಿದ್ಯಾರ್ಥಿನಿಯರು, ಚಿತ್ರದುರ್ಗ)

ತಪ್ಪು ನಾಲ್ಕು ಜಾಗದಲ್ಲಿ ಇರಬಹುದು. ಮೊದಲು ಬಾಟಲಿಯನ್ನೇ ನೋಡಿ. ಕುಡಿಯುವ ನೀರಿನ ತೆಳು ಬಾಟಲಿಯಾದರೆ ರಬ್ಬರ್ ಎಳೆದಾಗ ಬಾಟಲಿಯ ಗೋಡೆಯೇ ಒಳಕ್ಕೆ ನಗ್ಗುತ್ತದೆ, ಒಳಗೆ ಜಾಗ ಹೆಚ್ಚುವುದೇ ಇಲ್ಲ. ಸೋಡಾ ತರಹದ ಪಾನೀಯದ 1 ಲೀಟರ್ ಗಟ್ಟಿ ಬಾಟಲಿ ತೆಗೆದುಕೊಂಡು ಕೆಳಗಿನ ಮೂರನೇ ಒಂದು ಭಾಗ ಕತ್ತರಿಸಿ. ಅಂಚಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ರಬ್ಬರ್ ಹರಿಯುತ್ತದೆ.

ಎರಡನೆಯದು ಸೋರಿಕೆ. ಮುಚ್ಚಳದ ತೂತಿಗೂ ಕೊಳವೆಗೂ ನಡುವೆ ಹಸಿ ಜೇಡಿಮಣ್ಣು ಮೆತ್ತಿದ್ದರೆ ಪ್ರದರ್ಶನದ ಹೊತ್ತಿಗೆ ಅದು ಒಣಗಿ ಬಿರುಕು ಬಿಟ್ಟಿರುತ್ತದೆ. ಎಂ-ಸೀಲ್ ಅಥವಾ ಬಿಸಿ ಅಂಟು ಹಾಕಿ, ಪೂರ್ತಿ ಗಟ್ಟಿಯಾಗಲು ಬಿಡಿ. ಪರೀಕ್ಷೆ ಹೀಗೆ: ಕೊಳವೆಯ ಹೊರಬಾಯಿಯನ್ನು ಬೆರಳಿಂದ ಮುಚ್ಚಿ, ರಬ್ಬರನ್ನು ಕೆಳಗೆಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಈಗ ಬೆರಳು ತೆಗೆದರೆ ಬಲೂನು ಥಟ್ಟನೆ ಅರಳಬೇಕು. ಅರಳದಿದ್ದರೆ ಅಷ್ಟರಲ್ಲಿ ಗಾಳಿ ಬಾಟಲಿಯೊಳಗೆ ಬೇರೆ ದಾರಿಯಿಂದ ನುಗ್ಗಿ ತುಂಬಿಕೊಂಡಿದೆ ಎಂದರ್ಥ.

ಮೂರನೆಯದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ಬಾಟಲಿಯ ವ್ಯಾಸ 8 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ನಡುವೆ ಹಿಡಿದು 3 ಸೆಂ.ಮೀ. ಎಳೆದಾಗ ಆಗುವ ಶಂಕುವಿನ ಗಾತ್ರ ಮೂರನೇ ಒಂದು x 50 x 3, ಅಂದರೆ 50 ಮಿ.ಲೀ. ನಿಮಗೆ ಸಿಗುವುದು ಗರಿಷ್ಠ ಅಷ್ಟೇ. ದೊಡ್ಡ ಹುಟ್ಟುಹಬ್ಬದ ಬಲೂನು 50 ಮಿ.ಲೀ. ಗಾಳಿಗೆ ಮಿಸುಕುವುದೂ ಇಲ್ಲ. ಹೋಳಿಯಲ್ಲಿ ನೀರು ತುಂಬುವ ಪುಟ್ಟ ಬಲೂನು ತನ್ನಿ, ನಾಲ್ಕೈದು ಸಲ ಊದಿ ಸಡಿಲ ಮಾಡಿ, ಪೂರ್ತಿ ಚಪ್ಪಟೆ ಮಾಡಿ ಕಟ್ಟಿ. ನಾಲ್ಕನೆಯದು ಕೊಳವೆ: ಬಲೂನಿನ ಕತ್ತಿಗೆ ದಾರ ಬಿಗಿಯುವಾಗ ಸ್ಟ್ರಾ ಅಮುಕಿ ಮುಚ್ಚಿಹೋಗಿರುತ್ತದೆ. ಬಾಲ್‌ಪೆನ್ನಿನ ಗಟ್ಟಿ ಹೊರಕೊಳವೆ ಬಳಸಿ.

ತೀರ್ಪುಗಾರರು ಕೇಳುವುದು ಸಾಮಾನ್ಯವಾಗಿ "ಮಾದರಿಯಲ್ಲಿ ಏನು ಸರಿಯಿಲ್ಲ?" ಎಂದು. ಹೇಳಬೇಕಾದದ್ದು ಇದೆ. ನಿಮ್ಮ ರಬ್ಬರ್ ಹಾಳೆ ಸುಮ್ಮನಿರುವಾಗ ಸಪಾಟಾಗಿದೆ, ಎಳೆದಾಗ ಕೆಳಗೆ ಜೋಲುತ್ತದೆ. ನಿಜವಾದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಸುಮ್ಮನಿರುವಾಗ ಗುಮ್ಮಟದಂತೆ ಮೇಲೆ ಉಬ್ಬಿರುತ್ತದೆ, ಸಂಕುಚಿಸಿದಾಗ ಸಪಾಟಾಗುತ್ತದೆ. ಬಾಟಲಿಯ ಗೋಡೆ ಅಲುಗುವುದಿಲ್ಲ, ನಮ್ಮ ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಬಲೂನಿಗೂ ಬಾಟಲಿಗೂ ನಡುವೆ ಇರುವ ಅಷ್ಟು ಖಾಲಿ ಜಾಗ. ಎದೆಗೂಡಿನೊಳಗೆ ಶ್ವಾಸಕೋಶ ಗೋಡೆಗೆ ಅಂಟಿಕೊಂಡೇ ಇದೆ. ನಡುವೆ ಇರುವುದು ಕೆಲವೇ ಮಿ.ಲೀ. ದ್ರವದ ತೆಳು ಪದರ. ಅಲ್ಲಿನ ಒತ್ತಡ ಯಾವಾಗಲೂ ವಾತಾವರಣಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 5 ಸೆಂ.ಮೀ. ನೀರಿನಷ್ಟು. ಪಕ್ಕೆಗೆ ಗಾಯವಾಗಿ ಆ ಜಾಗಕ್ಕೆ ಗಾಳಿ ಹೊಕ್ಕರೆ ಶ್ವಾಸಕೋಶ ಮುದುಡಿಕೊಳ್ಳುತ್ತದೆ, ನಿಮ್ಮ ಸೋರುವ ಬಾಟಲಿಯಲ್ಲಿ ಆದದ್ದೂ ಅದೇ. ಸೋರುವ ಹಳೆಯ ಮಾದರಿಯನ್ನು ಎಸೆಯದೆ ಪಕ್ಕದಲ್ಲಿಟ್ಟು ತೋರಿಸಿ.

ಪ್ರಶ್ನೆ: ಸಿನಿಮಾದಲ್ಲಿ ನಾಯಕ ಬಿದಿರಿನ ಕೊಳವೆ ಬಾಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕೆರೆಯೊಳಗೆ ಅಡಗಿರುತ್ತಾನೆ. ಎಷ್ಟು ಆಳದವರೆಗೆ ಹೀಗೆ ಉಸಿರಾಡಬಹುದು?
(ಹತ್ತನೇ ತರಗತಿ ವಿದ್ಯಾರ್ಥಿ, ಹೊಸಪೇಟೆ)

ಒಂದು ಮೊಳದಷ್ಟು. ಈಜುಗಾರರ ಸ್ನಾರ್ಕೆಲ್ ಕೊಳವೆ 35-40 ಸೆಂ.ಮೀ. ಮೀರದಿರುವುದಕ್ಕೆ ಎರಡು ಕಾರಣಗಳಿವೆ, ಎರಡೂ ಲೆಕ್ಕದವು.

ಸಹಜ ಉಸಿರಿಗೆ ಶ್ವಾಸಕೋಶದೊಳಗಿನ ಒತ್ತಡ ಹೊರಗಿನದಕ್ಕಿಂತ ಕೇವಲ 1 ಸೆಂ.ಮೀ. ನೀರಿನಷ್ಟು ಇಳಿದರೆ ಸಾಕು, 500 ಮಿ.ಲೀ. ಗಾಳಿ ಬರುತ್ತದೆ. ಎದೆ 1 ಮೀಟರ್ ಆಳದಲ್ಲಿದ್ದರೆ ನೀರು ಅದನ್ನು 100 ಸೆಂ.ಮೀ. ಒತ್ತಡದಿಂದ ಅಮುಕುತ್ತಿರುತ್ತದೆ, ಕೊಳವೆಯೊಳಗಿನ ಗಾಳಿ ಮಾತ್ರ ದಡದ ಮೇಲಿನ ಒತ್ತಡದಲ್ಲೇ ಇದೆ. ಆರೋಗ್ಯವಂತ ಯುವಕ ಪೂರ್ತಿ ಬಲ ಹಾಕಿದರೂ ಒಂದು ಕ್ಷಣಕ್ಕೆ ಉಂಟುಮಾಡಬಲ್ಲ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ. ಪ್ರತಿ ಉಸಿರಿಗೂ ಹಾಗೆ ಮಾಡುವುದು ಆಗದ ಮಾತು.

ಇನ್ನೊಂದು, ಕೊಳವೆಯಲ್ಲೇ ಉಳಿಯುವ ಹಳೆಯ ಗಾಳಿ. ಒಳಗೆ ತೆಗೆದುಕೊಂಡ 500 ಮಿ.ಲೀ.ನಲ್ಲಿ ಸುಮಾರು 150 ಮಿ.ಲೀ. ಮೂಗು, ಶ್ವಾಸನಾಳಗಳಲ್ಲೇ ನಿಂತು ಹೊರಬರುತ್ತದೆ, ರಕ್ತಕ್ಕೆ ಸಿಗುವುದಿಲ್ಲ. 2 ಸೆಂ.ಮೀ. ವ್ಯಾಸದ 1 ಮೀಟರ್ ಕೊಳವೆ ಇದಕ್ಕೆ 314 ಮಿ.ಲೀ. ಸೇರಿಸುತ್ತದೆ. ಒಟ್ಟು 464. ಹೊಸ ಗಾಳಿ ಸಿಕ್ಕಿದ್ದು 36 ಮಿ.ಲೀ.! ಉಳಿದದ್ದೆಲ್ಲ ತಾನೇ ಬಿಟ್ಟ ಗಾಳಿ. ಬಿಟ್ಟ ಗಾಳಿ ಪೂರ್ತಿ ಕಾರ್ಬನ್ ಡೈಆಕ್ಸೈಡ್ ಎಂದು ಬರೆಯುವವರಿದ್ದಾರೆ, ಅದು ತಪ್ಪು: ಅದರಲ್ಲಿ ಸುಮಾರು ಶೇ. 16 ಆಮ್ಲಜನಕ, ಶೇ. 4 ಕಾರ್ಬನ್ ಡೈಆಕ್ಸೈಡ್, ಉಳಿದದ್ದು ಬಹುಪಾಲು ನೈಟ್ರೋಜನ್. ಆದರೆ ಅದನ್ನೇ ಮತ್ತೆ ಮತ್ತೆ ಉಸಿರಾಡಿದರೆ ಆಮ್ಲಜನಕ ಇಳಿಯುತ್ತ, ಕಾರ್ಬನ್ ಡೈಆಕ್ಸೈಡ್ ಏರುತ್ತ ಹೋಗಿ ಎಚ್ಚರ ತಪ್ಪುತ್ತದೆ. ಕೊಳವೆ ಸಪೂರವಾದರೆ ಈ ಗಾಳಿ ಕಡಿಮೆಯಾಗುತ್ತದೆ, ಆದರೆ ಎಳೆಯುವ ಶ್ರಮ ವಿಪರೀತ ಹೆಚ್ಚುತ್ತದೆ. ಕೆರೆಯಲ್ಲಿ ಇದನ್ನು ಪರೀಕ್ಷಿಸಲು ಹೋಗಬೇಡಿ.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಗಾಳಿಯ ಸಿಲಿಂಡರ್ ಹೊತ್ತು ಸ್ಕೂಬಾ ಮುಳುಗುವವರು 10 ಮೀಟರ್ ಆಳದಲ್ಲಿ ಹೇಗೆ ಉಸಿರಾಡುತ್ತಾರೆ ಎಂದರೆ, ಅವರ ಬಾಯಿಯ ಸಾಧನ ಸುತ್ತಲಿನ ನೀರಿನಷ್ಟೇ ಒತ್ತಡದಲ್ಲಿ ಗಾಳಿ ಕೊಡುತ್ತದೆ. ಅಲ್ಲಿ ಒಟ್ಟು ಒತ್ತಡ ಮೇಲಿನದರ ಎರಡರಷ್ಟು. ಆ ಗಾಳಿ ತುಂಬಿಕೊಂಡು ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಉಸಿರು ಹಿಡಿಯಬಾರದು ಎಂಬುದು ಅಲ್ಲಿ ಮೊದಲ ಪಾಠ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಕೆಳಗೆ ಹೋದಾಗ ದಡದ ಮೇಲಿನ ಮೋಟಾರ್ ನೀರೆತ್ತುವುದಿಲ್ಲ. ಹೆಚ್ಚಿನ ಎಚ್‌ಪಿ ಮೋಟಾರ್ ಹಾಕಿದರೆ ಆಗುತ್ತದೆಯೇ?
(ಒಂಬತ್ತನೇ ತರಗತಿ ವಿದ್ಯಾರ್ಥಿ, ತುಮಕೂರು ಜಿಲ್ಲೆ)

ಆಗುವುದಿಲ್ಲ, ದುಡ್ಡು ದಂಡ. ಪಂಪು ಪೈಪಿನೊಳಗಿನ ಒತ್ತಡ ತಗ್ಗಿಸುತ್ತದೆ ಅಷ್ಟೇ. ನೀರನ್ನು ಮೇಲೆ ತಳ್ಳುವುದು ಬಾವಿಯ ನೀರಿನ ಮೇಲೆ ಕೂತಿರುವ ವಾತಾವರಣ. ಸಮುದ್ರ ಮಟ್ಟದಲ್ಲಿ ಅದು ತಳ್ಳಬಲ್ಲದ್ದು 10.3 ಮೀಟರ್, ಬೆಂಗಳೂರಿನ ಎತ್ತರದಲ್ಲಿ ಸುಮಾರು 9.3 ಮೀಟರ್. ಪೈಪಿನ ಘರ್ಷಣೆ, ಕಡಿಮೆ ಒತ್ತಡದಲ್ಲಿ ನೀರೇ ಆವಿಯಾಗುವುದು, ಎಲ್ಲ ಕಳೆದರೆ ಕೈಗೆ ಸಿಗುವುದು 6-7 ಮೀಟರ್. ಎಚ್‌ಪಿ ಎಷ್ಟು ಹೆಚ್ಚಿಸಿದರೂ ವಾತಾವರಣ ಹೆಚ್ಚುವುದಿಲ್ಲ. ಪಂಪನ್ನು ಬಾವಿಯೊಳಗೆ ಕಟ್ಟೆ ಮಾಡಿ ನೀರಿಗೆ ಹತ್ತಿರ ಇಳಿಸಿ, ಅಥವಾ ನೀರೊಳಗೇ ಮುಳುಗಿಸಿಡುವ ಸಬ್‌ಮರ್ಸಿಬಲ್ ಪಂಪು ಹಾಕಿ. ಅದು ಕೆಳಗಿನಿಂದ ತಳ್ಳುವುದರಿಂದ ಈ ಮಿತಿ ಇಲ್ಲ. ಅದಕ್ಕೂ ಮುಂಚೆ ಪೈಪಿನ ಕೆಳತುದಿಯ ಫುಟ್‌ವಾಲ್ವ್‌ಗೆ ಎಲೆ ಸಿಕ್ಕಿದೆಯೇ, ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿದೆಯೇ ನೋಡಿ. ಹೊರಗೆ ನೀರು ಸೋರದ ಸಣ್ಣ ತೂತೂ ಗಾಳಿಗೆ ಹೆಬ್ಬಾಗಿಲು.

ಪ್ರಶ್ನೆ: ಕುಕ್ಕರ್ ಕೂಗಿದ ಮೇಲೂ ಅಮ್ಮ ಉರಿ ದೊಡ್ಡದಾಗಿಯೇ ಇಡುತ್ತಾರೆ. ಉರಿ ಜಾಸ್ತಿಯಾದರೆ ಬೇಳೆ ಬೇಗ ಬೇಯುತ್ತದೆಯೇ? ಕುಕ್ಕರ್ ಸಿಡಿಯುವುದು ಯಾಕೆ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಕಲಬುರಗಿ)

ಬೇಗ ಬೇಯುವುದಿಲ್ಲ. ಕುಕ್ಕರಿನೊಳಗಿನ ಉಷ್ಣತೆಯನ್ನು ನಿರ್ಧರಿಸುವುದು ಉರಿಯಲ್ಲ, ಮೇಲಿನ ವೇಟ್. ಸಾಮಾನ್ಯ ಕುಕ್ಕರಿನ ವೇಟ್ ಹೊರಗಿನದಕ್ಕಿಂತ ಒಳಗಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕಿಲೋ ಹೆಚ್ಚಾದಾಗ ಏಳುತ್ತದೆ. ಹಬೆಕೊಳವೆಯ ತೂತಿನ ವ್ಯಾಸ 3 ಮಿ.ಮೀ. ಇದ್ದರೆ ವಿಸ್ತೀರ್ಣ 0.07 ಚದರ ಸೆಂ.ಮೀ.; ಹಾಗಾಗಿ 70 ಗ್ರಾಂ ವೇಟ್ ಸಾಕಾಗುತ್ತದೆ. ಸಮುದ್ರ ಮಟ್ಟದಲ್ಲಿ ಆ ಒತ್ತಡಕ್ಕೆ ನೀರು ಕುದಿಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉರಿ ಜೋರು ಮಾಡಿದರೆ ಹೆಚ್ಚು ಹಬೆ ಹೊರಹೋಗುತ್ತದೆ, ಕೂಗು ಪದೇ ಪದೇ ಬರುತ್ತದೆ, ಉಷ್ಣತೆ ಅಲ್ಲೇ ಇರುತ್ತದೆ. "ಮೂರು ಕೂಗು" ಎಂಬ ಅಳತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೊಂದದಿರುವುದಕ್ಕೆ ಇದೇ ಕಾರಣ. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿ ಗಡಿಯಾರ ನೋಡುವುದೇ ಸರಿಯಾದ ಲೆಕ್ಕ, ಗ್ಯಾಸೂ ಉಳಿಯುತ್ತದೆ.

ಕುಕ್ಕರೂ ಅಳೆಯುವುದು ವ್ಯತ್ಯಾಸವನ್ನೇ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೆ ಕುದಿದರೆ ಕುಕ್ಕರಿನೊಳಗೆ ಸುಮಾರು 118. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ತೆರೆದ ಪಾತ್ರೆಯಲ್ಲಿ 88 ಡಿಗ್ರಿ, ಅಲ್ಲಿ ಬೇಳೆ ಬೇಯುವುದು ಬಹಳ ಕಷ್ಟ. ಅದೇ ಕುಕ್ಕರ್ ಅಲ್ಲಿ ಸುಮಾರು 114 ಡಿಗ್ರಿ ಕೊಡುತ್ತದೆ.

ವೇಟನ್ನು ಮೊದಲೇ ಹಾಕಿ ಮುಚ್ಚುವುದೂ ಒಂದು ತಪ್ಪು. ಒಳಗೆ ಗಾಳಿ ಉಳಿದಿದ್ದರೆ ಒಟ್ಟು ಒತ್ತಡದಲ್ಲಿ ಒಂದು ಪಾಲು ಗಾಳಿಯದೇ ಆಗುತ್ತದೆ, ಹಬೆಯ ಪಾಲು ಕಡಿಮೆಯಾಗಿ ಉಷ್ಣತೆ 120 ಮುಟ್ಟುವ ಮೊದಲೇ ಕೂಗಿಬಿಡುತ್ತದೆ. ಕೊಳವೆಯಿಂದ ಹಬೆ ಒಂದೇ ಸಮನೆ ರಭಸವಾಗಿ ಬಂದ ಮೇಲೆ ವೇಟ್ ಹಾಕಿ.

ಸಿಡಿಯುವುದಕ್ಕೆ ಮುಖ್ಯ ಕಾರಣ ಹಬೆಕೊಳವೆ ಕಟ್ಟಿಕೊಳ್ಳುವುದು. ಬೇಳೆಯ ನೊರೆ ಸಿಪ್ಪೆಯನ್ನು ಎತ್ತಿಕೊಂಡು ಹೋಗಿ ತೂತಿಗೆ ತುಂಬುತ್ತದೆ. ಬೇಳೆ, ಅಕ್ಕಿಯಾದರೆ ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಬೇಳೆಗೆ ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಪ್ರತಿ ಸಲ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ತೂತು ಕಟ್ಟಿದಾಗ ಕಾಪಾಡಬೇಕಾದದ್ದು ಸೇಫ್ಟಿ ವಾಲ್ವ್; ಅದರೊಳಗಿನ ಮಿಶ್ರಲೋಹದ ಬಿರಡೆ ಅತಿ ಬಿಸಿಗೆ ಕರಗಿ ದಾರಿ ಬಿಡುತ್ತದೆ. ಒಮ್ಮೆ ಕರಗಿದ ಮೇಲೆ ಅದೇ ಕಂಪನಿಯ ಹೊಸದನ್ನೇ ಹಾಕಿಸಬೇಕು. ಅಲ್ಲಿಗೆ ಬೋಲ್ಟ್ ಬಿಗಿಸುವುದು, ಎಂ-ಸೀಲ್ ಮೆತ್ತುವುದು ಬಾಂಬ್ ಕಟ್ಟಿದಂತೆಯೇ ಸರಿ. ಕೂಗೇ ಬರದೆ ಅಂಚಿನಿಂದ ಹಬೆ ಬುಸುಗುಟ್ಟಿದರೆ ಗ್ಯಾಸ್ಕೆಟ್ ಗಡಸಾಗಿದೆ, ಬದಲಿಸಿ.

20 ಸೆಂ.ಮೀ. ವ್ಯಾಸದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂ.ಮೀ. ಪೂರ್ತಿ ಒತ್ತಡದಲ್ಲಿ ಅದನ್ನು ಒಳಗಿನಿಂದ ತಳ್ಳುವ ಬಲ ಸುಮಾರು 314 ಕಿಲೋ, ಅಂದರೆ 50 ಕಿಲೋದ ಆರು ಅಕ್ಕಿ ಮೂಟೆಗಳ ಭಾರ. ಒಳಮುಚ್ಚಳದ ಕುಕ್ಕರಿನಲ್ಲಿ ಈ ಬಲ ಮುಚ್ಚಳವನ್ನು ಅಂಚಿಗೇ ಒತ್ತಿ ಹಿಡಿಯುವುದರಿಂದ ಒತ್ತಡ ಇಳಿಯುವವರೆಗೆ ತೆಗೆಯಲಾಗುವುದಿಲ್ಲ. ಹೊರಮುಚ್ಚಳದ್ದರಲ್ಲಿ ಹಿಡಿಕೆಯನ್ನು ಬಲವಂತವಾಗಿ ತಿರುಗಿಸಿದರೆ ಮುಚ್ಚಳ ಹಾರುತ್ತದೆ, ಜೊತೆಗೆ ಒತ್ತಡ ಒಮ್ಮೆಲೇ ಬಿದ್ದು 120 ಡಿಗ್ರಿಯ ಸಾರು ಉಕ್ಕಿ ಮೈಮೇಲೆ ಬೀಳುತ್ತದೆ. ವೇಟನ್ನು ಚಮಚದಿಂದ ಸ್ವಲ್ಪ ಎತ್ತಿ ಹಬೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತೆರೆಯಿರಿ.

ರಾತ್ರಿ ಇಟ್ಟ ಕುಕ್ಕರ್ ಬೆಳಿಗ್ಗೆ ತೆರೆಯದೆ ಸತಾಯಿಸುವುದಕ್ಕೆ ಕಾರಣ ಇದರ ತದ್ವಿರುದ್ಧ. ಹಬೆ ತಣಿದು ನೀರಾಗಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿರುತ್ತದೆ, ವಾತಾವರಣವೇ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಸುತ್ತಿಗೆಯಿಂದ ಬಡಿಯುವುದು ಬೇಡ. ವೇಟ್ ತೆಗೆದರೆ ಗಾಳಿ ಸುಯ್ಯೆಂದು ಒಳಹೋಗುತ್ತದೆ, ಮುಚ್ಚಳ ಬಿಟ್ಟುಕೊಳ್ಳುತ್ತದೆ. ಆಗಲೂ ಬಿಡದಿದ್ದರೆ ಗ್ಯಾಸ್ಕೆಟ್ ಅಂಟಿಕೊಂಡಿದೆ. ಎರಡು ನಿಮಿಷ ಸಣ್ಣ ಉರಿಯಲ್ಲಿ ವೇಟ್ ಇಲ್ಲದೆ ಬಿಸಿ ಮಾಡಿ.